ವೃದ್ಧಪೋಷಣೆಯೂ ಗ್ರಾಮದ್ರವ್ಯವೂ
(ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳನ್ನು ಕುರಿತ ಚಾರಿತ್ರಿಕ ವಿಚಾರ)

೧. ವಿಷಯನಿರ್ದೇಶ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕಂದಾಯದ ಆಡಳಿತದಲ್ಲಿ ಮಧುಗಿರಿ ಉಪವಿಭಾಗವೆಂಬ ಹೆಸರಿನಿಂದ ಒಂದಾಗಿವೆ. ಪೂರ್ವದಲ್ಲಿ ಇವೆಲ್ಲವೂ ಒಬ್ಬನೇ ಅರಸನ ಆಳ್ವಿಕೆಯಲ್ಲಿ ಎಡೆಬಿಡದೆ ಇದ್ದುವೆಂದು ಹೇಳಲಾಗದು. ಪಾವಗಡ ಸೀಮೆಯ ನಿಡುಗಲ್ಲು ಚೋಳಾನ್ವಯದ ಸಾಮಂತರ ದುರ್ಗವಾಗಿದ್ದಿತು; ಸಿರಾ ಬಿಜಾಪುರದವರ ಕೈಯಿಂದ ಮೊಗಲರ ವಶವಾಗಿ, ೧೬೮೭ರಿಂದ ಒಂದು ಸುಬಾದ ಮುಖ್ಯಸ್ಥಾನವಾಯಿತು; ಮಧುಗಿರಿ ಕೊರಟಗೆರೆಗಳು ಗೌಡವಂಶದ ಪಾಳೆಯಗಾರರ ನೆಲೆಗಳಾಗಿದ್ದುವು. ಆದರೆ ಮಳೆ ಅಲ್ಪ, ಕೆರೆ ಬಾವಿಗಳೇ ಆಶ್ರಯ, ರಾಗಿಯೇ ಜೀವನ ಎಂಬ ಸಮಾನಧರ್ಮವು ಈ ನಾಲ್ಕು ಸೀಮೆಗಳಿಗೂ ಉಂಟು.

ಬೆಳೆ ನಿಶ್ಚಯವಿಲ್ಲದ ಇಂಥ ನಾಡಿನಲ್ಲಿ ದುಡಿಯಲಾರದೆ ಉಳಿದ ವೃದ್ಧರನ್ನು ಯಾರು ಪೋಷಿಸಿದರು? ಆ ಪೋಷಣೆಗೆ ಬೇಕಾದ ದ್ರವ್ಯವು ಎಲ್ಲಿಂದ ಬಂದಿತು? ಅದು ಯಾರಿಗೆ ಸಲ್ಲಬೇಕೆಂಬುದನ್ನು ಯಾರು ನಿರ್ಣಯಿಸಿದರು? ಈ ಮೂರು ಪ್ರಶ್ನೆಗಳೇ ಪ್ರಕೃತ ವಿಚಾರದ ವಿಷಯ. ಇಲ್ಲಿ ಪ್ರತಿಪಾದ್ಯವಾದ ಅಂಶವಿಷ್ಟೆ: ಯಾವ ಮುದುಕ ಯಾವ ಮುದುಕಿ ನಿರ್ಗತಿಕರೆಂಬ ತಿಳಿವಳಿಕೆಯು ಎಲ್ಲ ಕಾಲದಲ್ಲಿಯೂ ಗ್ರಾಮದಲ್ಲಿಯೇ ಇದ್ದಿತು, ಆದರೆ ಅವರಿಗೆ ಕೊಡುವ ದ್ರವ್ಯವು ಕ್ರಮಕ್ರಮವಾಗಿ ಗ್ರಾಮದ ಕೈಬಿಟ್ಟು ದೂರದ ಖಜಾನೆಗೆ ಸೇರಿತು. ಈ ಅಗಲಿಕೆಯಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಎರಡನ್ನೂ ತೂಗಿನೋಡುವುದು ಚರಿತ್ರೆಯ ಕೆಲಸವಾಗಿದೆ.

೨. ಶಾಸ್ತ್ರ, ಶಾಸನ

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಬೆಳಕಿಗೆ ತಂದು, ೧೯೦೯ರಲ್ಲಿ ಮುದ್ರಿಸಿದ ಆರ್. ಶಾಮಶಾಸ್ತ್ರಿಗಳ ಉಪಕಾರವನ್ನು ವಿದ್ವಾಂಸರೆಲ್ಲರೂ ಬಲ್ಲರು. ಆ ಗ್ರಂಥದ ಜನಪದನಿವೇಶ ಪ್ರಕರಣದಲ್ಲಿ ಬಾಲರು, ವೃದ್ಧರು, ವ್ಯಾಧಿಪೀಡಿತರು, ವ್ಯಸನಕ್ಕೆ ಸಿಕ್ಕಿದವರು, ಅನಾಥರು ಇವರ ಭರಣವು ರಾಜನ ಕರ್ತವ್ಯವೆಂದು ವಿಧಿಸಿದೆ. ಅದೇ ಪ್ರಕರಣದಲ್ಲಿ, ಶಕ್ತಿಯಿದ್ದೂ ಹೆಂಡತಿ ಮಕ್ಕಳನ್ನೂ ತಾಯಿತಂದೆಗಳನ್ನೂ ಪ್ರಾಪ್ತವಯಸ್ಕರಲ್ಲದ ತಮ್ಮಂದಿರನ್ನೂ ಕನ್ಯೆಯರೂ ವಿಧವೆಯರೂ ಆದ ಸೋದರಿಯರನ್ನೂ ಸಾಕದವನಿಗೆ ಹನ್ನೆರಡು ಪಣಗಳ ದಂಡ ಹೇಳಿದೆ. ಪತಿತರಾದವರ ವಿಷಯದಲ್ಲಿ ಈ ನಿಯಮವಿಲ್ಲ. ಆದರೆ ತಾಯಿಯು ಪತಿತಳಾದರೂ ಅವಳನ್ನು ಸಾಕಲೇಬೇಕೆಂಬ ಪ್ರತ್ಯಪವಾದವು ಗಮನಾರ್ಹವಾಗಿದೆ. ಮೊದಲು ಮನೆ, ಮನೆಯಿಲ್ಲದ ಕಡೆ ಅರಸು ಎಂಬ ಕ್ರಮವು ಇದರಿಂದ ಸ್ಪಷ್ಟವಾಗುತ್ತದೆ.

ಗ್ರಾಮಕ್ಕೆ ಈ ವ್ಯವಸ್ಥೆಯಲ್ಲಿ ಯಾವ ಸ್ಥಾನ? ಪ್ರಾಪ್ತವಯಸ್ಕರಲ್ಲದವರ ಸ್ವತ್ತನ್ನೂ ದೇವರ ಸ್ವತ್ತನ್ನೂ ಗ್ರಾಮವೃದ್ಧರು ಕಾಪಾಡಿ ಬೆಳೆಯಿಸಬೇಕೆಂದು ಕೌಟಿಲ್ಯನು ಹೇಳುತ್ತಾನೆ. ಹೀಗೆ ವೃದ್ಧಶಬ್ದವು ಒಂದೆಡೆ ಪೋಷ್ಯನನ್ನೂ ಮತ್ತೊಂದೆಡೆ ಪರರ ಸ್ವತ್ತಿನ ಪಾಲಕನನ್ನೂ ಬೋಧಿಸುತ್ತದೆ. ಕನ್ನಡದ ಹಿರಿಯ ಎಂಬ ಶಬ್ದದಲ್ಲಿಯೂ ವಯಸ್ಸು, ದೊಡ್ಡತನ ಎಂಬ ಎರಡು ಅರ್ಥಗಳು ಬೆರೆತಿರುವುದನ್ನು ವಾಚಕರು ಬಲ್ಲರು. ಶಾಸ್ತ್ರವು ಆಗಬೇಕಾದುದನ್ನು ಹೇಳುತ್ತದೆಯೇ ಹೊರತು ಆದುದನ್ನು ಹೇಳುವುದಿಲ್ಲವಾದ್ದರಿಂದ, ಇದಕ್ಕೆ ಶಾಸನಗಳ ಸಾಕ್ಷ್ಯವನ್ನು ಕೂಡಿಸಿಕೊಳ್ಳುವುದು ಅವಶ್ಯಕ.

ಪಾವಗಡಕ್ಕೆ ಉತ್ತರದಲ್ಲಿ, ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಸಾಹೇಬರು ೧೮೯೨ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳು ತಾಯಿತಂದೆಗಳ ಶುಶ್ರೂಷೆಯನ್ನೂ ಆಚಾರ್ಯರಲ್ಲಿ ಗೌರವವನ್ನೂ ವಿಧಿಸಿ, ಇದು ಪುರಾತನವಾದ ನಡೆ, ದೀರ್ಘಾಯುಸ್ಸಿಗೆ ಕಾರಣ ಎಂದು ಮುಗಿಸುತ್ತವೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ದೊರೆತಿರುವ ಹದಿನಾಲ್ಕು ಬಂಡೆಶಾಸನಗಳ ಪೈಕಿ ಐದನೆಯದರಲ್ಲಿ ಧರ್ಮಮಹಾಮಾತ್ರರು ಅನಾಥರ ಮತ್ತು ವೃದ್ಧರ ಹಿತಸುಖಗಳಿಗಾಗಿ ನಿಯುಕ್ತರಾದರೆಂದಿದೆ. ಎಂಟನೆಯದರಲ್ಲಿ ಅರಸನು ತನ್ನ ಧರ್ಮಯಾತ್ರೆಯಲ್ಲಿ ವೃದ್ಧರನ್ನು ಕಂಡು ಅವರಿಗೆ ಹೊನ್ನನ್ನು ಕೊಡುತ್ತಿದ್ದನೆಂದಿದೆ. ಅರಸನ ದ್ರವ್ಯವು ಅಧಿಕಾರಿಗಳ ಮೂಲಕ ಮುದುಕರಿಗೆ ಸಲ್ಲಬೇಕೆಂಬ ಭಾವನೆಯು ಈ ನಾಡಿಗೆ ಹೊಸದಲ್ಲವೆಂಬುದಕ್ಕೆ ಇವು ಸಾಕು.

೩. ಭೂಮಿಯೇ ವೇತನವಾಗಿದ್ದ ಕಾಲ

ಅರಸನು ದೂರ, ಗ್ರಾಮ ಹತ್ತಿರ. ಈ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ೧೯೦೪ರಲ್ಲಿ ಪ್ರಕಟವಾದುವು. ಕನ್ನಡನಾಡಿನ ದಾನಶಾಸನಗಳಲ್ಲಿ ಸಾಮಾನ್ಯವಾಗಿ ವೃದ್ಧರಿಗೆಂದೇ ಬೇರೊಂದು ದತ್ತಿಯು ಕಾಣಬರುವುದಿಲ್ಲ. ದೇವರ ಅಂಗಭೋಗ ರಂಗಭೋಗಗಳು, ಜೀರ್ಣೋದ್ಧಾರ, ತಪೋಧನರ ಆಹಾರದಾನ, ವಿದ್ಯಾರ್ಥಿಗಳ ಅಶನ, ಕೆರೆಯ ರಕ್ಷಣೆ, ಅರವಟ್ಟಿಗೆ, ಛತ್ರ ಎಂಬಿವೇ ದತ್ತಿಯ ಉದ್ದೇಶಗಳು. ಆದರೆ ಇವುಗಳ ಒಳಗೆ ವೃದ್ಧರೂ ಅಡಗಿದ್ದರು. ಯುದ್ಧದಲ್ಲಿಯೋ ತುರುಗೊಳಿನಲ್ಲಿಯೋ ಮಡಿದವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯು ಮಗನನ್ನು ಕಳೆದುಕೊಂಡ ತಾಯಿತಂದೆಗಳ ಅನ್ನವೂ ಆಗಿದ್ದಿತೆಂದು ಊಹಿಸುವುದರಲ್ಲಿ ದೋಷವಿಲ್ಲ. ದೇವಸ್ಥಾನದ ಪಡಿತರವು ದೇವರ ನೈವೇದ್ಯವಾಗಿ ಆರಂಭವಾಗಿ ಆಶ್ರಿತರ ಊಟವಾಗಿ ಮುಗಿಯುತ್ತಿದ್ದಿತು. ಅದೇ ಪಡಿತರವೆಂಬ ಶಬ್ದವು ಇಂದು ನ್ಯಾಯಬೆಲೆ ಅಂಗಡಿಯ ಅಕ್ಕಿ ರಾಗಿಗಳಿಗೆ ಸಂದಿರುವುದು ಭಾಷಾಚರಿತ್ರೆಯ ದೃಷ್ಟಿಯಿಂದಲೂ ಸ್ವಾರಸ್ಯವಾದುದು.

ಈ ಬಗೆಯ ಸಂಸ್ಥೆಯು ಪೂರ್ಣವಾಗಿ ಬೆಳೆದಾಗ ಹೇಗಿದ್ದಿತೆಂಬುದನ್ನು ನೋಡಬೇಕಾದರೆ ಈ ಸೀಮೆಯಿಂದ ಹೊರಗೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಬೇಕು. ಅಲ್ಲಿನ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು ಅದನ್ನು ವಿದ್ಯಾಸ್ಥಾನವೆಂದು ಹೊಗಳುವುದರ ಜೊತೆಗೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ನಿತ್ಯವೂ ಅನ್ನ ದೊರೆಯುವ ಸ್ಥಾನವೆಂದೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ಹೇಳುತ್ತದೆ. ಪಾಠ, ಊಟ, ಔಷಧ ಮೂರೂ ಒಂದೇ ಮನೆಯಲ್ಲಿ, ಒಂದೇ ದತ್ತಿಯ ಬಲದಿಂದ ನಡೆದುವು. ದತ್ತಿಯ ಭೂಮಿಯನ್ನು ನೋಡಿಕೊಳ್ಳುವವರೂ ಊಟಕ್ಕೆ ಬಂದವರ ಮುಖವನ್ನು ನೋಡುವವರೂ ಒಂದೇ ಮಠದವರೆಂಬುದು ಇದರ ಮುಖ್ಯ ಲಕ್ಷಣ.

ಗ್ರಾಮದ ಸಾಮಾನ್ಯ ಜನರಲ್ಲಿ ಇದೇ ಕೆಲಸವನ್ನು ಆಯಗಾರಿಕೆಯು ಮಾಡಿತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಮುಂತಾದವರಿಗೆ ಮಾನ್ಯದ ಹೊಲವಾಗಲಿ ಕಣದ ರಾಶಿಯಲ್ಲಿ ಆಯವಾಗಲಿ ಸಲ್ಲುತ್ತಿದ್ದಿತು. ಹುದ್ದೆಯು ವಂಶಪಾರಂಪರ್ಯವಾದ್ದರಿಂದ ನೀರುಗಂಟಿಗೆ ಕೈಲಾಗದೆ ಹೋದರೆ ತೂಬನ್ನು ಮಗನು ತೆಗೆಯುತ್ತಿದ್ದನು. ಆಯವು ಮನೆಗೆ ಬರುವುದು ತಪ್ಪುತ್ತಿರಲಿಲ್ಲ. ಕೆರೆಯನ್ನು ಕಾಯುವ ಖರ್ಚಿನಲ್ಲಿಯೇ ಮುದುಕನ ಅನ್ನವೂ ಸೇರಿದ್ದಿತು. ಅಂತೆಯೇ ಮೊಗಲರ ಆಡಳಿತದಲ್ಲಿ ಮದದ್-ಎ-ಮಾಷ್ ಎಂಬ ಜೀವನಾರ್ಥ ಭೂದಾನವುಂಟು; ಜೀವನಕ್ಕೆ ಬೇರೆ ದಾರಿಯಿಲ್ಲದ ದುರ್ಬಲರೂ ಅದಕ್ಕೆ ಅರ್ಹರೆಂದು ಅಬುಲ್ ಫಜಲನು ಐನೆ-ಅಕ್ಬರಿಯಲ್ಲಿ ಗಣಿಸಿದ್ದಾನೆ. ಸಿರಾ ಸೀಮೆಯು ೧೭೬೧ರಲ್ಲಿ ಹೈದರಾಲಿಯ ವಶವಾಗುವವರೆಗೆ ಈ ಸಂಪ್ರದಾಯದ ಆಡಳಿತಕ್ಕೆ ಬಹುಕಾಲ ಒಳಪಟ್ಟಿದ್ದಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸತ್ಯಕ್ಕೆ ಅರ್ಧವಾಗುತ್ತದೆ. ಅಗ್ರಹಾರದ ವೃತ್ತಿಯು ಬ್ರಾಹ್ಮಣರಿಗೆ ಮೀಸಲು. ತೋಟಿಯ ಮಾನ್ಯವು ಜೀವನವೂ ಹೌದು, ಬಿಡಿಸಿಕೊಳ್ಳಲಾಗದ ಬಂಧನವೂ ಹೌದು. ಮುದುಕನನ್ನು ಸಾಕುವುದಕ್ಕಾಗಿ ಮಗನು ಅದೇ ನೀಚವೆನಿಸಿದ ಊಳಿಗವನ್ನು ಹೊರಬೇಕಾಗಿದ್ದಿತು. ಮಾನ್ಯವೂ ಇಲ್ಲದೆ ಆಯವೂ ಇಲ್ಲದೆ ಪರರ ಹೊಲದಲ್ಲಿ ಕೂಲಿಮಾಡಿ ಮುಪ್ಪಾದವರಿಗೆ, ಮಕ್ಕಳಿಲ್ಲದ ವಿಧವೆಯರಿಗೆ, ಹಬ್ಬದ ದಿನದ ಅನ್ನದಾನದ ಹೊರತು ಯಾವ ಹಕ್ಕೂ ಇರಲಿಲ್ಲ. ದ್ರವ್ಯವು ಗ್ರಾಮದಲ್ಲಿದ್ದಿತು; ಆದರೆ ಗ್ರಾಮದ ದೃಷ್ಟಿಯು ಎಲ್ಲರ ಮೇಲೂ ಸಮಾನವಾಗಿ ಬೀಳಲಿಲ್ಲ.

೪. ಕ್ಷಾಮವೂ ನಿರ್ಗತಿಕರ ಪಟ್ಟಿಯೂ

ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು, ಎಂದರೆ ೧೮೭೬ರಿಂದ ೧೮೭೮ರವರೆಗಿನ ಬರವು, ಈ ಗ್ರಾಮವ್ಯವಸ್ಥೆಯ ಶಕ್ತಿಯು ಎಷ್ಟೆಂಬುದನ್ನು ತೋರಿಸಿತು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ೫೦,೫೫,೪೧೨. ೧೮೮೧ರ ಗಣತಿಯಲ್ಲಿ ೪೧,೮೬,೧೮೮. ಕಣದಲ್ಲಿ ರಾಶಿಯಿಲ್ಲದ ವರ್ಷ ಆಯವೂ ಇಲ್ಲ, ಹಗೇವು ಬರಿದಾದ ಮೇಲೆ ದಾನವೂ ಇಲ್ಲ. ಒಂದು ಸೀಮೆಯ ದ್ರವ್ಯವನ್ನೇ ನಂಬಿದ ಪೋಷಣೆಯು ಆ ಸೀಮೆಗೇ ಬರ ಬಂದಾಗ ನಿಲ್ಲಲಾರದೆಂಬುದು ಅಂದು ಅನುಭವಕ್ಕೆ ಬಂದಿತು.

ಈ ಅನುಭವದಿಂದ ಹುಟ್ಟಿದ ೧೮೮೦ರ ಕ್ಷಾಮ ಆಯೋಗದ ವರದಿಯು ಶಕ್ತರಿಗೆ ಕೆಲಸವನ್ನೂ ಅಶಕ್ತರಿಗೆ ಧರ್ಮಾರ್ಥವಾದ ಪರಿಹಾರವನ್ನೂ ವಿಧಿಸಿತು. ಕೆಲಸಮಾಡಲಾರದ ಮುದುಕರು, ಅಂಗಹೀನರು, ರೋಗಿಗಳು ಇವರಲ್ಲಿ ಸಾಕಬಲ್ಲ ಬಂಧುಗಳಿಲ್ಲದವರನ್ನು ಗುರುತಿಸಿ ಊರಿನಲ್ಲಿಯೇ ಪರಿಹಾರವನ್ನು ಕೊಡಬೇಕು, ಪಟ್ಟಿಯನ್ನು ಗ್ರಾಮಾಧಿಕಾರಿಗಳು ಬರೆಯಬೇಕು, ಮೇಲಧಿಕಾರಿಗಳು ಪರೀಕ್ಷಿಸಬೇಕು, ಹಣವು ಸರ್ಕಾರದ್ದು. ಕೌಟಿಲ್ಯನ ಕ್ರಮವೇ ಇಲ್ಲಿ ಮರಳಿ ಕಾಣುತ್ತದೆ. ಆದರೆ ಒಂದು ಭೇದವುಂಟು. ಆಯಗಾರನ ಮನೆಯ ಮುದುಕನು ಗ್ರಾಮದ ಪಾಲುಗಾರನಾಗಿದ್ದನು; ಪಟ್ಟಿಯಲ್ಲಿ ಸೇರಿದವನಾದರೋ ತನಗೆ ಯಾರೂ ಇಲ್ಲವೆಂದು ತೋರಿಸಿಕೊಳ್ಳಬೇಕಾದವನಾದನು. ಗ್ರಾಮವು ದಾತೃಸ್ಥಾನದಿಂದ ಸಾಕ್ಷಿಸ್ಥಾನಕ್ಕೆ ಇಳಿದುದು ಇಲ್ಲಿಯೇ.

೫. ಭೂಮಿಯಿಂದ ಹಣಕ್ಕೆ

ಸ್ವಾತಂತ್ರ್ಯಾನಂತರ ಈ ಬದಲಾವಣೆಯು ಕೆಲವೇ ವರ್ಷಗಳಲ್ಲಿ ಪೂರ್ಣವಾಯಿತು. ವ್ಯಕ್ತಿಗಳ ಇನಾಮುಗಳನ್ನು ೧೯೫೪ರ ಕಾಯಿದೆಯೂ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳನ್ನು ೧೯೫೫ರ ಕಾಯಿದೆಯೂ ರದ್ದುಮಾಡಿದುವು. ವಂಶಪಾರಂಪರ್ಯವಾದ ಗ್ರಾಮದ ಹುದ್ದೆಗಳನ್ನು ತೆಗೆದುಹಾಕಿದ ೧೯೬೧ರ ಕಾಯಿದೆ ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದಿತು. ತೋಟಿ ತಳವಾರರ ಬಂಧನವು ಕಳಚಿತೆಂಬುದು ಇದರ ದೊಡ್ಡ ಗುಣ. ಮಾನ್ಯದ ಭೂಮಿಯು ಗ್ರಾಮದ ನಂಟನ್ನು ಕಳೆದುಕೊಂಡು ಮನೆಯ ಸ್ವತ್ತಾಗಿ, ಪಾಲಾಗಿ ಹಂಚಿಹೋಗುವುದಕ್ಕೆ ದಾರಿಯಾಯಿತೆಂಬುದು ಇದರ ಮತ್ತೊಂದು ಮುಖ. ಇದಾದ ಎರಡು ವರ್ಷಗಳ ಮೇಲೆ, ೧೯೬೫ರಲ್ಲಿ, ಮೈಸೂರು ರಾಜ್ಯದಲ್ಲಿ ವೃದ್ಧಾಪ್ಯವೇತನವು ಆರಂಭವಾಯಿತು. ಒಂದರ ಕಾರಣದಿಂದಲೇ ಮತ್ತೊಂದು ಹುಟ್ಟಿತೆಂದು ಹೇಳುವುದು ಸಾಹಸವಾದೀತು; ಆದರೆ ಹಳೆಯ ಆಶ್ರಯವು ಹೋದ ಜಾಗದಲ್ಲಿ ಹೊಸ ಆಶ್ರಯವು ಬಂದು ನಿಂತಿತೆಂಬುದು ಸ್ಪಷ್ಟ.

ಕೇಂದ್ರಸರ್ಕಾರದ ರಾಷ್ಟ್ರೀಯ ವೃದ್ಧಾಪ್ಯವೇತನ ಯೋಜನೆಯು ೧೯೯೫ರ ಆಗಸ್ಟ್ ೧೫ರಂದು ಮೊದಲಾಯಿತು. ೬೫ ವರ್ಷ ದಾಟಿದ, ಸ್ವಂತ ಆದಾಯದಿಂದಾಗಲಿ ಮನೆಯವರ ನೆರವಿನಿಂದಾಗಲಿ ಜೀವನಕ್ಕೆ ನಿಯತವಾದ ದಾರಿಯಿಲ್ಲದ ನಿರ್ಗತಿಕರಿಗೆ ತಿಂಗಳಿಗೆ ೭೫ ರೂಪಾಯಿ. ಈ ಲಕ್ಷಣವಾಕ್ಯವನ್ನೂ ೧೮೮೦ರ ಕ್ಷಾಮ ಆಯೋಗದ ವಿಧಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಮರದ ಕೊಂಬೆಗಳೆಂದು ತೋರುತ್ತದೆ. ೨೦೦೦ದ ಏಪ್ರಿಲ್‌ನಲ್ಲಿ ವೇತನ ದೊರೆಯದ ಅರ್ಹ ವೃದ್ಧರಿಗೆ ತಿಂಗಳಿಗೆ ಹತ್ತು ಕಿಲೋಗ್ರಾಂ ಧಾನ್ಯ ಕೊಡುವ ಅನ್ನಪೂರ್ಣ ಯೋಜನೆ ಬಂದಿತು. ೨೦೦೬ರಲ್ಲಿ ಕೇಂದ್ರದ ಪಾಲು ೨೦೦ ರೂಪಾಯಿಯಾಗಿ, ೨೦೦೭ರಲ್ಲಿ ನಿರ್ಗತಿಕ ಎಂಬ ಪದದ ಬದಲು ಬಡತನದ ರೇಖೆಯು ಪ್ರಮಾಣವಾಯಿತು. ೨೦೧೧ರಲ್ಲಿ ವಯಸ್ಸು ೬೦ಕ್ಕೆ ಇಳಿಯಿತು, ೮೦ ದಾಟಿದವರಿಗೆ ೫೦೦ ರೂಪಾಯಿಯಾಯಿತು. ಕರ್ನಾಟಕ ಸರ್ಕಾರವು ೨೦೦೭ರಲ್ಲಿಯೇ ೬೫ ವರ್ಷ ದಾಟಿದ ಸಣ್ಣ ರೈತರು, ಕೂಲಿಕಾರರು ಮುಂತಾದವರಿಗೆ ಸಂಧ್ಯಾಸುರಕ್ಷಾ ಎಂಬ ವೇತನವನ್ನು ೪೦೦ ರೂಪಾಯಿಯಿಂದ ಆರಂಭಿಸಿ, ಮುಂದೆ ಹಂತಹಂತವಾಗಿ ಹೆಚ್ಚಿಸಿತು.

ಇದರಿಂದಾದ ಲಾಭವನ್ನು ಕಡೆಗಣಿಸುವುದು ಅನ್ಯಾಯ. ಅಗ್ರಹಾರದ ವೃತ್ತಿಯನ್ನೂ ಆಯವನ್ನೂ ಎಂದೂ ಕಾಣದ ಕೂಲಿಯ ಮುದುಕಿಗೆ, ಯಾರ ಜಾತಿಯನ್ನೂ ಕೇಳದೆ, ಬರದ ವರ್ಷವೂ ತಪ್ಪದೆ ಹಣವು ಅವಳ ಹೆಸರಿಗೇ ಬರುವಂತಾಯಿತು. ಅಂಚೆಯವನು ಮನೆಯ ಬಾಗಿಲಿಗೆ ತಂದ ಮನಿಯಾರ್ಡರಿನ ಮೇಲೆ ಹೆಬ್ಬೆಟ್ಟನ್ನು ಒತ್ತಿದಾಗ ಆಕೆಗೆ ದೊರೆತುದು ಹಕ್ಕು. ಹಬ್ಬದ ಅನ್ನದಂತೆ ಕೃಪೆಯಲ್ಲ. ಇಂಗ್ಲೆಂಡಿನಲ್ಲಿಯೂ ೧೬೦೧ರಿಂದ ಪ್ಯಾರಿಷ್ ಎಂಬ ಗ್ರಾಮಘಟಕವು ತನ್ನ ತೆರಿಗೆಯಿಂದಲೇ ಮುದುಕರನ್ನು ಸಾಕುತ್ತಿದ್ದು, ೧೯೦೮ರ ಕಾಯಿದೆಯಿಂದ ವೃದ್ಧಾಪ್ಯವೇತನದ ಭಾರವು ರಾಜ್ಯದ ಖಜಾನೆಗೆ ವರ್ಗವಾದುದನ್ನು ಇಲ್ಲಿ ಹೋಲಿಸಬಹುದು.

ಪಾವಗಡ ಸೀಮೆಯಲ್ಲಿ ಭೂಮಿಯು ಮತ್ತೊಂದು ರೂಪದಿಂದ ಮುಪ್ಪಿನ ವೇತನವಾಗಿರುವುದೂ ಉಂಟು. ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ಸೌರವಿದ್ಯುತ್ತಿನ ಉದ್ಯಾನವು ಹಬ್ಬಿ, ೨೦೧೯ರ ಹೊತ್ತಿಗೆ ಪೂರ್ಣವಾಯಿತು. ರೈತರಿಂದ ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿನಂತೆ ಗುತ್ತಿಗೆಗೆ ಪಡೆದುದು ಇದರ ವಿಶೇಷ. ಮಳೆಯನ್ನು ನಂಬಿ ಬಳಲಿದ ವೃದ್ಧ ಹಿಡುವಳಿದಾರನಿಗೆ ಇದು ನಿಶ್ಚಿತವಾದ ಆದಾಯ. ಆ ಹೊಲಗಳಲ್ಲಿ ಕೂಲಿಮಾಡುತ್ತಿದ್ದ ಭೂಮಿಯಿಲ್ಲದವನಿಗೆ ಕೆಲಸದ ನಷ್ಟ. ಹಿಂದಿನ ಮಾನ್ಯದ ಕಾಲದ ಭೇದವೇ ಹೊಸ ವೇಷದಲ್ಲಿ ಮರಳಿದಂತಿದೆ.

೬. ಇಂದಿನ ವಿಧಿಯೂ ಅದರ ಮೌನವೂ

ತಾಯಿತಂದೆಗಳ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ ೨೦೦೭ರ ಕೇಂದ್ರ ಕಾಯಿದೆಯು ಕೌಟಿಲ್ಯನ ದಂಡವಿಧಿಗೆ ಸಮೀಪವಾದುದು. ಸಾಕದ ಮಕ್ಕಳಿಂದ ತಿಂಗಳಿಗೆ ೧೦,೦೦೦ ರೂಪಾಯಿಗೆ ಮೀರದಂತೆ ಜೀವನಾಂಶವನ್ನು ಕೊಡಿಸುವ ಅಧಿಕಾರವು ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಲ್ಲದವರು ಅಧ್ಯಕ್ಷರಾದ ನ್ಯಾಯಮಂಡಳಿಗೆ ಸಂದಿತು. ಈ ನಾಲ್ಕು ತಾಲ್ಲೂಕುಗಳ ವೃದ್ಧರು ಅದಕ್ಕಾಗಿ ಆಶ್ರಯಿಸಬೇಕಾದುದು ಮಧುಗಿರಿಯ ಉಪವಿಭಾಗಾಧಿಕಾರಿಯನ್ನು. ಆಡಳಿತದ ನಕ್ಷೆಯಲ್ಲಿ ಮಾತ್ರ ಒಂದಾಗಿದ್ದ ಸೀಮೆಗಳು ಹೀಗೆ ವೃದ್ಧಪೋಷಣೆಯ ವಿಷಯದಲ್ಲಿಯೂ ಒಂದಾದುವು. ಆದರೆ ಪಾವಗಡದ ಗಡಿಯ ಹಳ್ಳಿಯಿಂದ ಮಗನ ಮೇಲೆ ದೂರು ಹೇಳಲು ಮಧುಗಿರಿಗೆ ಬರುವ ಮುದುಕಿಗೆ ದಾರಿ ದೂರ. ಲಜ್ಜೆ ಅದಕ್ಕಿಂತ ದೂರ.

ಇನ್ನು ಸ್ಥಳೀಯ ಸಂಸ್ಥೆಗಳ ವಿಷಯ. ಸಂವಿಧಾನದ ೪೧ನೆಯ ಅನುಚ್ಛೇದವು ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವನ್ನು ಹೆಸರುಗೊಂಡು ಹೇಳುತ್ತದೆ. ಪಂಚಾಯಿತಿಗಳಿಗೆ ವಹಿಸಬಹುದಾದ ೨೯ ವಿಷಯಗಳನ್ನು ಎಣಿಸುವ ಹನ್ನೊಂದನೆಯ ಅನುಸೂಚಿಯಲ್ಲಾದರೋ ಸ್ತ್ರೀಯರು, ಮಕ್ಕಳು, ಅಂಗವಿಕಲರು, ದುರ್ಬಲ ವರ್ಗದವರು ಇವರ ಹೆಸರಿದೆ, ವೃದ್ಧರ ಹೆಸರಿಲ್ಲ. ಅವರು ಸಮಾಜಕಲ್ಯಾಣವೆಂಬ ಸಾಮಾನ್ಯಪದದಲ್ಲಿ ಅಡಗಿದ್ದಾರೆ. ಕರ್ನಾಟಕದ ೧೯೯೩ರ ಪಂಚಾಯತ್ ರಾಜ್ ಕಾಯಿದೆಯು ಗ್ರಾಮಪಂಚಾಯಿತಿಗೆ ವೃದ್ಧಾಪ್ಯವೇತನದ ಮೇಲ್ವಿಚಾರಣೆಯನ್ನು ವಿಧಿಸಿದೆ. ಕೊಡುವವರು ಬೇರೆ, ನೋಡಿಕೊಳ್ಳುವವರು ಬೇರೆ ಎಂಬ ೧೮೮೦ರ ವಿಭಾಗವೇ ಇಲ್ಲಿ ಮುಂದುವರಿದಿದೆ.

ಸ್ಥಳೀಯ ತೆರಿಗೆಯಿಂದ ಒಂದು ನಿಯತ ಸೇವೆಯನ್ನು ನಡೆಸುವ ಪದ್ಧತಿ ಈ ರಾಜ್ಯದಲ್ಲಿ ಇಲ್ಲವೆಂದಲ್ಲ. ಕಟ್ಟಡ ಭೂಮಿಗಳ ಮೇಲಿನ ತೆರಿಗೆಯೊಡನೆ ಗ್ರಂಥಾಲಯಕ್ಕಾಗಿ ರೂಪಾಯಿಗೆ ಆರು ಪೈಸೆಯನ್ನು ೧೯೬೫ರ ಕಾಯಿದೆಯಂತೆ ಎತ್ತುತ್ತಾರೆ. ೧೯೪೪ರ ಮೈಸೂರು ಕಾಯಿದೆಯ ಜಾಗದಲ್ಲಿ ಬಂದ ೧೯೭೫ರ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ನಿರಾಶ್ರಿತರಿಗಾಗಿ ನೂರಕ್ಕೆ ಮೂರರಂತೆ ಉಪಕರವುಂಟು. ಆದರೆ ಈ ಎರಡನೆಯದು ಊರಿನಲ್ಲಿ ಹುಟ್ಟಿ, ಕೇಂದ್ರ ಪರಿಹಾರ ಸಮಿತಿಯನ್ನು ಸೇರಿ, ಊರುಬಿಟ್ಟು ಭಿಕ್ಷೆಗೆ ಹೊರಟವರನ್ನು ಇರಿಸಿಕೊಳ್ಳುವ ಕೇಂದ್ರಗಳಿಗೆ ವ್ಯಯವಾಗುತ್ತದೆ. ಮುದುಕನು ಊರನ್ನು ಬಿಟ್ಟು ಬೇಡಿದ ಮೇಲೆ ಊರಿನ ಹಣವು ಅವನಿಗೆ ಸಲ್ಲುತ್ತದೆ. ಊರಿನಲ್ಲಿಯೇ ಇರುವಾಗ ಅದೇ ಹಣವು ಅವನನ್ನು ಮುಟ್ಟುವುದಿಲ್ಲ.

ಕನ್ನಡಿಗರೇ ಇರುವ ಮತ್ತೊಂದು ಸೀಮೆಯಲ್ಲಿ ಬೇರೊಂದು ಮಾರ್ಗವು ಕಾಣುತ್ತದೆ. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಆ ರಾಜ್ಯದ ೨೦೦೮ರ ಉಪಶಾಮಕ ಚಿಕಿತ್ಸಾನೀತಿಯನ್ನು ಅನುಸರಿಸಿ, ಹಾಸಿಗೆ ಹಿಡಿದ ರೋಗಿಗಳ ಮನೆಗೆ ದಾದಿಯು ಹೋಗಿ ನೋಡುವ ಸೇವೆಯನ್ನು ಗ್ರಾಮಪಂಚಾಯಿತಿಗಳು ತಮ್ಮ ಯೋಜನೆಯ ಹಣದಿಂದ ನಡೆಸುತ್ತವೆ. ಹೀಗೆ ನೋಡಲ್ಪಡುವವರಲ್ಲಿ 
ವೃದ್ಧರೇ ಬಹಳ. ಅಲ್ಲಿ ತಿಳಿವಳಿಕೆಯೂ ದ್ರವ್ಯವೂ ಒಂದೇ ಪಂಚಾಯಿತಿಯಲ್ಲಿ ಕೂಡಿವೆ. ಕರ್ನಾಟಕದಲ್ಲಿಯೂ ಕೂಲಿಗೆ ಹೋಗುವ ತಾಯಂದಿರ ಶಿಶುಗಳಿಗಾಗಿ ಪಂಚಾಯಿತಿಗಳ ಮೂಲಕ ಕೂಸಿನ ಮನೆಗಳು ೨೦೨೩ರಿಂದ ಈಚೆಗೆ ಏರ್ಪಟ್ಟಿವೆ. ವಯಸ್ಸಿನ ಇನ್ನೊಂದು ತುದಿಯಲ್ಲಿರುವವರಿಗೂ ಅಂಥದೊಂದು ಹಗಲಿನ ಮನೆಯನ್ನು ಏರ್ಪಡಿಸುವುದು ಅಸಾಧ್ಯವಲ್ಲವೆಂಬುದಕ್ಕೆ ಇದು ದೃಷ್ಟಾಂತ.

೭. ಉಪಸಂಹಾರ

ಮೇಲೆ ಹೇಳಿದುದರಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಗ್ರಾಮದ ದ್ರವ್ಯವೊಂದನ್ನೇ ನಂಬಿದ ಪೋಷಣೆಯು ಪಕ್ಷಪಾತಕ್ಕೂ ಬರಕ್ಕೂ ಒಳಗಾಯಿತು. ಆದಕಾರಣ ವೇತನದ ಹಣವು ರಾಜ್ಯದ ಖಜಾನೆಯಿಂದ ಬರುವುದೇ ಯುಕ್ತ. ಆದರೆ ಹಣವಲ್ಲದ ಪೋಷಣೆಯೊಂದುಂಟು. ಪಾವಗಡದ ಬಾವಿಗಳ ಫ್ಲೋರೈಡಿನ ನೀರನ್ನು ಬಹುಕಾಲ ಕುಡಿದು ಮೂಳೆ ಕೀಲುಗಳು ಬಿಗಿದವನಿಗೆ ಶುದ್ಧವಾದ ನೀರು ಮನೆಯವರೆಗೆ ಬರಬೇಕು. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಒಬ್ಬಳೇ ಉಳಿದವಳಿಗೆ ಬಿಸಿಯಾದ ಊಟವೂ ಮಾತನಾಡುವ ಜನರೂ ಬೇಕು. ಹಾಸಿಗೆ ಹಿಡಿದವನ ಮಗ್ಗುಲನ್ನು ತಿರುಗಿಸುವ ಕೈ ಬೇಕು. ಇವನ್ನು ಖಜಾನೆಯು ಬ್ಯಾಂಕಿನ ಖಾತೆಗೆ ಹಾಕಲಾರದು. ಕೋಡಿಯಮಠದಲ್ಲಿ ಊಟ ಔಷಧಗಳು ಒಂದೆಡೆ ಇದ್ದಂತೆ, ಇವು ಒಂದು ಊರಿನ ಒಂದು ಮನೆಯಲ್ಲಿಯೇ ನಡೆಯಬೇಕಾದುವು. ಇದಕ್ಕೆ ಬೇಕಾದ ಅಲ್ಪದ್ರವ್ಯವೂ ಅದರ ವಿನಿಯೋಗದ ನಿರ್ಣಯವೂ ಪಂಚಾಯಿತಿ ಪುರಸಭೆಗಳ ಕೈಯಲ್ಲಿರುವುದು ಚರಿತ್ರೆಗೆ ಅನುಗುಣವಾದುದು. ಗ್ರಂಥಾಲಯಕ್ಕೆ ರೂಪಾಯಿಗೆ ಆರು ಪೈಸೆಯನ್ನು ಕೊಡಲೊಪ್ಪಿದ ಊರು ಹಿರಿಯರಿಗೆ ಒಂದೆರಡು ಪೈಸೆಯನ್ನು ಕೊಡಲಾರದೆಂದು ಹೇಳಲು ಕಾರಣವಿಲ್ಲ.

ಈ ಸೀಮೆಯ ಆಯ, ಮಾನ್ಯ, ಛತ್ರ, ಅರವಟ್ಟಿಗೆಗಳ ನೆನಪನ್ನು ಕಣ್ಣಾರೆ ಕಂಡು ಹೇಳಬಲ್ಲವರು, ಎಂದರೆ ೧೯೬೩ಕ್ಕೆ ಮುಂಚೆ ಬುದ್ಧಿ ತಿಳಿದವರು, ಈಗ ಎಪ್ಪತ್ತು ಎಂಬತ್ತು ದಾಟಿದ ವೃದ್ಧರೇ. ನಾಲ್ಕು ತಾಲ್ಲೂಕುಗಳ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಮೂಲಕ ಇವರ ಮಾತುಗಳನ್ನು ಬರೆಯಿಸಿ, ಹಳೆಯ ಇನಾಮು ದಫ್ತರಗಳೊಡನೆಯೂ ಪಂಚಾಯಿತಿಯ ಲೆಕ್ಕಪುಸ್ತಕಗಳೊಡನೆಯೂ ಹೋಲಿಸಿ ನೋಡಿದರೆ, ವೃದ್ಧಪೋಷಣೆಯ ಚರಿತ್ರೆಗೆ ಬೇಕಾದ ಸಾಮಗ್ರಿಯು ವೃದ್ಧರಿಂದಲೇ ದೊರೆತಂತಾಗುತ್ತದೆ. ಆ ಕಾರ್ಯಕ್ಕೆ ಕಾಲವು ಹೆಚ್ಚಾಗಿ ಉಳಿದಿಲ್ಲ.